ಹಿಮ ನೋಡಲು ಹೋದವರು ಕಾರಿನಲ್ಲೇ ಏಕೆ ಸತ್ತರು?



ಸಿನಿಮಾಗಳಲ್ಲಿ ಹಿಮ ಬೀಳುವುದನ್ನು ನಾವೆಲ್ಲಾ ನೋಡಿದ್ದೇವೆ. ಹತ್ತಿ ಉದುರಿದ ಹಾಗೆ ಬೀಳುತ್ತೆ. ಅದರಲ್ಲಿ ಆಡಬೇಕು ಅಂತ ಯಾರಿಗೆ ತಾನೆ ಆಸೆ ಇರಲ್ಲ? ಆದರೆ ಇದೇ ಆಸೆಯಿಂದ ಹೋದ 22 ಜನ ಒಂದೇ ರಾತ್ರಿಯಲ್ಲಿ ಸತ್ತರು. ಅವರಲ್ಲಿ 10 ಜನ ಮಕ್ಕಳು.

ಪಾಕಿಸ್ತಾನದಲ್ಲಿ ಮರ್ರಿ ಎಂಬ ಬೆಟ್ಟದ ಊರಿದೆ. ಅದು ಸುಮಾರು 7,500 ಅಡಿ ಎತ್ತರದಲ್ಲಿದೆ. ಇಸ್ಲಾಮಾಬಾದಿನಿಂದ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬರಬಹುದು. 2022ರ ಜನವರಿ ಮೊದಲ ವಾರ ಅಲ್ಲಿ ಹಿಮ ಬೀಳುತ್ತಿದೆ ಎಂಬ ಸುದ್ದಿ ಹರಡಿತು. "ನಡೀರಿ, ನೋಡ್ಕೊಂಡು ಬರೋಣ" ಅಂತ ಜನ ಗೆಳೆಯರ ಜೊತೆ, ಮನೆಯವರ ಜೊತೆ ಹೊರಟರು. ಒಂದು ಲಕ್ಷಕ್ಕೂ ಹೆಚ್ಚು ವಾಹನಗಳು ಬೆಟ್ಟ ಹತ್ತಿದವು. ಜನವರಿ 7ರ ರಾತ್ರಿ ಸುಮಾರು 4 ಅಡಿ ಹಿಮ ಬಿತ್ತು. ಮರಗಳು ರಸ್ತೆಗೆ ಉರುಳಿದವು. ಕಾರುಗಳು ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಹೋಗಲಿಲ್ಲ.

ಹಿಮ ಎಂದರೇನು?

ನಮ್ಮೂರಲ್ಲಿ ಬೀಳುವ ಆಲಿಕಲ್ಲು ಹಿಮ ಅಲ್ಲ. ಆಲಿಕಲ್ಲು ಎಂದರೆ ಗುಡುಗಿನ ಮೋಡದಲ್ಲಿ ಹೆಪ್ಪುಗಟ್ಟಿದ ನೀರಿನ ಹನಿ. ಹಿಮ ಹಾಗಲ್ಲ. ಬಹಳ ತಂಪಾದ ಮೋಡದಲ್ಲಿ ನೀರಾವಿ ನೀರಾಗದೆ ನೇರವಾಗಿ ಆರು ಮೂಲೆಯ ಹರಳಾಗುತ್ತೆ. ಹರಳುಗಳ ನಡುವೆ ಗಾಳಿ ತುಂಬಿರುತ್ತೆ. ಆದ್ದರಿಂದ 1 ಸೆಂ.ಮೀ. ಮಳೆಯ ನೀರು ಹಿಮವಾಗಿ ಬಿದ್ದರೆ ಸುಮಾರು 10 ಸೆಂ.ಮೀ. ದಪ್ಪ ಆಗುತ್ತೆ. ಈ ಲೆಕ್ಕದಲ್ಲಿ 4 ಅಡಿ ಹಿಮ ಎಂದರೆ ಸುಮಾರು 12 ಸೆಂ.ಮೀ. ಮಳೆ. ನಮ್ಮಲ್ಲಾದರೆ ಅಷ್ಟು ನೀರು ಹಳ್ಳಕ್ಕೆ ಹರಿದು ಹೋಗುತ್ತೆ. ಅಲ್ಲಿ ಅದು ಹರಿಯದೆ ಬಿದ್ದ ಕಡೆಯೇ ನಿಲ್ಲುತ್ತೆ.

ಸಾವು ಬಂದದ್ದು ಹೇಗೆ?

ಕೆಲವರು ಚಳಿಯಿಂದ ಸತ್ತಿರಬಹುದು. ಆದರೆ ಹಲವರನ್ನು ಕೊಂದದ್ದು ಗಾಳಿ. ಚಳಿಗೆ ಅವರು ಕಿಟಕಿ ಮುಚ್ಚಿ, ಎಂಜಿನ್ ಚಾಲೂ ಮಾಡಿ, ಹೀಟರ್ ಹಾಕಿಕೊಂಡರು. ಹೊರಗೆ ಹಿಮ ಏರಿ ಸೈಲೆನ್ಸರ್ ಕೊಳವೆ ಮುಚ್ಚಿದರೆ ಹೊಗೆ ಕಾರಿನೊಳಗೇ ಬರುತ್ತೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಆಗ ಮೈಗೆ ಆಮ್ಲಜನಕ ಸಿಗಲ್ಲ. ಮೊದಲು ತಲೆನೋವು, ತಲೆಸುತ್ತು, ಆಮೇಲೆ ನಿದ್ದೆ. ಆ ನಿದ್ದೆಯಿಂದ ಏಳುವುದೇ ಇಲ್ಲ.

ಏನು ಮಾಡಬೇಕು?

1. ಹೊರಡುವ ಮುಂಚೆ ಹವಾಮಾನ ವರದಿ ಕೇಳಬೇಕು. ಎಲ್ಲಿಗೆ ಹೋಗುತ್ತೇವೆ ಅಂತ ಮನೆಯಲ್ಲಿ ಹೇಳಬೇಕು.
2. ಒಂದೇ ದಿನದ ಪ್ರವಾಸ ಆದರೂ ಕಂಬಳಿ, ನೀರು, ತಿಂಡಿ ಇಟ್ಟುಕೊಳ್ಳಬೇಕು.
3. ಸಿಕ್ಕಿಬಿದ್ದರೆ ಕಾರು ಬಿಟ್ಟು ಹಿಮದಲ್ಲಿ ಅಲೆಯಬಾರದು. ಸೈಲೆನ್ಸರ್ ಸುತ್ತಲ ಹಿಮ ತೆಗೆದು, ಗಂಟೆಗೆ 10 ನಿಮಿಷ ಮಾತ್ರ ಎಂಜಿನ್ ಓಡಿಸಬೇಕು. ಕಿಟಕಿ ಸ್ವಲ್ಪ ತೆರೆದಿರಬೇಕು.
4. ಪೊಲೀಸರು ರಸ್ತೆ ಮುಚ್ಚಿದರೆ ವಾಪಸ್ ಬರಬೇಕು.

ನಮ್ಮ ದೇಶದಲ್ಲೂ ಹೀಗಾಗುತ್ತೆ. 2024ರ ಡಿಸೆಂಬರಿನಲ್ಲಿ ಮನಾಲಿ ಹತ್ತಿರ ಸೋಲಂಗ್ ಮತ್ತು ಅಟಲ್ ಸುರಂಗದ ನಡುವೆ ಸುಮಾರು 1,000 ವಾಹನಗಳು ಹಿಮದಲ್ಲಿ ಸಿಕ್ಕಿಕೊಂಡವು. ಪೊಲೀಸರು ಸುಮಾರು 700 ಪ್ರವಾಸಿಗರನ್ನು ಪಾರು ಮಾಡಿದರು.

ನಮ್ಮೂರಲ್ಲಿ ಹಿಮ ಬೀಳಲ್ಲ, ನಮಗ್ಯಾಕೆ ಇದು ಅನ್ನಬೇಡಿ. ಚಳಿಗಾಲದಲ್ಲಿ ಮಲಗುವ ಕೋಣೆಗೆ, ಬಾಣಂತಿ ಕೋಣೆಗೆ ಕೆಂಡ ಇಡುತ್ತಾರಲ್ಲ, ಆ ಕೆಂಡದಿಂದಲೂ ಇದೇ ಅನಿಲ ಬರುತ್ತೆ. ಹೊಗೆ ಕಾಣದಿದ್ದರೂ ಬರುತ್ತೆ. ಬಾಗಿಲು ಕಿಟಕಿ ಎಲ್ಲಾ ಮುಚ್ಚಿ ಕೆಂಡ ಇಟ್ಟು ಮಲಗಬಾರದು. ಇವತ್ತೇ ಮನೆಗೆ ಹೋಗಿ ಅಮ್ಮನಿಗೆ, ಅಜ್ಜಿಗೆ ಹೇಳಿ. ಮಲಗುವ ಮುಂಚೆ ಕೆಂಡ ಹೊರಗಿಡಿ, ಕಿಟಕಿ ತೆಗೆದಿಡಿ.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇದೆ. ಪ್ರವಾಸ ಹೋಗೋಣ, ಆದರೆ ತಿಳಿದು ಹೋಗೋಣ.

– 7ನೇ ತರಗತಿ ವಿದ್ಯಾರ್ಥಿನಿ