ಮುರಿದ ಮೊಣಕೈಗೆ ತಂತಿಯ ಆಸರೆ

ಸೀಬೆಯ ಮರದಿಂದ ಜಾರಿದ ಬಾಲಕನು ನೆಲಕ್ಕೆ ಬೀಳುವಾಗ ತನಗರಿಯದಂತೆಯೇ ಕೈಯನ್ನು ಮುಂದೆ ಚಾಚುತ್ತಾನೆ. ದೇಹದ ಭಾರವೆಲ್ಲ ಅಂಗೈಯ ಮೂಲಕ ಮೊಣಕೈಗೆ ಏರುತ್ತದೆ. ಕೀಲಿನ ತುಸು ಮೇಲ್ಗಡೆ ತೋಳೆಲುಬು ಹಿಂದೆಯೂ ಮುಂದೆಯೂ ಕುಳಿಬಿದ್ದು ಹಲಗೆಯಂತೆ ತೆಳ್ಳಗಾಗಿರುವುದರಿಂದ ಅಲ್ಲಿಯೇ ಮುರಿಯುತ್ತದೆ. ಮಕ್ಕಳ ಮೊಣಕೈ ಮುರಿತಗಳಲ್ಲಿ ಇದೇ ಅತಿ ಸಾಮಾನ್ಯವಾದುದು. 5ರಿಂದ 7 ವರ್ಷದವರಲ್ಲಿ ಹೆಚ್ಚು.

ಎಳೆಯರ ಎಲುಬು ಬೇಗನೆ ಕೂಡಿಕೊಳ್ಳುವುದು. ಹಾಗಿದ್ದೂ ಶಸ್ತ್ರವೈದ್ಯರು ಈ ಮುರಿತಕ್ಕೆ ಅಳುಕುವುದೇಕೆ? ತೋಳೆಲುಬಿನ ಬೆಳವಣಿಗೆಯಲ್ಲಿ ಸುಮಾರು ಶೇಕಡಾ 80 ಪಾಲು ನಡೆಯುವುದು ಭುಜದ ತುದಿಯಲ್ಲಿ. ಮೊಣಕೈಯ ಬಳಿ ಸೊಟ್ಟಗೆ ಕೂಡಿದ ಎಲುಬು ಬೆಳೆಯುತ್ತ ತಾನಾಗಿ ನೆಟ್ಟಗಾದೀತೆಂದು ನೆಚ್ಚುವಂತಿಲ್ಲ. ಇದಕ್ಕಿಂತ ಘೋರವಾದ ಭಯ ಮತ್ತೊಂದುಂಟು. ಮುರಿದ ಮೇಲ್ತುಂಡಿನ ಚೂಪಾದ ಅಂಚಿನ ಮುಂದೆಯೇ, ಮುಂಗೈಗೆ ರಕ್ತವನ್ನೊಯ್ಯುವ ಧಮನಿ ಹಾದುಹೋಗುತ್ತದೆ.

ಹಿಂದಿನ ಚಿಕಿತ್ಸೆಯ ಇಕ್ಕಟ್ಟೂ ಇಲ್ಲಿಯೇ ಇದ್ದಿತು. ಎಳೆದು ಹೊಂದಿಸಿದ ತುಂಡುಗಳು ಕದಲದಿರಬೇಕಾದರೆ ಮೊಣಕೈಯನ್ನು 90 ಡಿಗ್ರಿಗಿಂತ ಹೆಚ್ಚಾಗಿ ಮಡಿಸಿ ಪ್ಲಾಸ್ಟರ್ ಹಾಕಬೇಕು. ಊದಿಕೊಂಡ ಕೈಯನ್ನು ಮಡಿಸಿದಷ್ಟೂ ಧಮನಿ ಅದುಮಿಹೋಗುವುದು. ಮಡಿಸಿದರೆ ರಕ್ತಕ್ಕೆ ತಡೆ, ಸಡಿಲಿಸಿದರೆ ಎಲುಬು ಜಾರುವುದು! ರಕ್ತ ಸಾಲದ ಸ್ನಾಯುಗಳು ಕೆಲವೇ ಗಂಟೆಗಳಲ್ಲಿ ಸಾಯತೊಡಗಿ, ಮುಂದೆ ನಾರಾಗಿ ಕುಗ್ಗಿ, ಬೆರಳುಗಳನ್ನು ಶಾಶ್ವತವಾಗಿ ಮುರುಟಿಸಿಬಿಡುವುವು. ಜರ್ಮನಿಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲಿಯೇ ಇದನ್ನು ವರ್ಣಿಸಿ, ಬಿಗಿಯಾದ ಕಟ್ಟುಗಳ ಮೇಲೆ ದೋಷ ಹೊರಿಸಿದ್ದನು. ಊದಿದ ಕೈಗೆ ಬಿದಿರಿನ ದಬ್ಬೆಯಿಟ್ಟು ಬಿಗಿಯುವ ನಮ್ಮ ಹಳ್ಳಿಗಳ ಪದ್ಧತಿಗೂ ಈ ಮಾತು ಸಲ್ಲುತ್ತದೆ.

ಈ ಇಕ್ಕಟ್ಟನ್ನು ಬಿಡಿಸಿದುದು ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ನುಣುಪು ಉಕ್ಕಿನ ತಂತಿ. ಮಾರ್ಟಿನ್ ಕಿರ್ಷ್ನರ್ 1909ರಲ್ಲಿ ಇಂತಹ ತಂತಿಯನ್ನು ಬಳಕೆಗೆ ತಂದನು. 1948ರಲ್ಲಿ ಅಮೆರಿಕದ ಸ್ವೆನ್ಸನ್, ಮಕ್ಕಳ ಈ ಮುರಿತವನ್ನು ಅದರಿಂದ ಬಂಧಿಸುವ ವಿಧಾನವನ್ನು ಪ್ರಕಟಿಸಿದನು. ಮಗುವಿಗೆ ಅರಿವಳಿಕೆ ಕೊಟ್ಟು, ಹೊರಗಿನಿಂದಲೇ ಎಲುಬನ್ನು ಹೊಂದಿಸಿ, ಕ್ಷ-ಕಿರಣದ ತೆರೆಯನ್ನು ನೋಡುತ್ತ, ಚರ್ಮದ ಮೂಲಕವೇ ತಂತಿಗಳನ್ನು ಕೊರೆದು ತೂರಿಸುವರು. ಎಲುಬನ್ನು ಈಗ ತಂತಿ ಹಿಡಿದಿರುವುದರಿಂದ ಕೈಯನ್ನು ಧಮನಿಗೆ ಒತ್ತಡವಾಗದಷ್ಟು ಸಡಿಲವಾಗಿ ಇಡಬಹುದು.

ಆದರೆ ತಂತಿಯನ್ನು ಯಾವ ಬದಿಯಿಂದ ಹಾಯಿಸಬೇಕು? ಒಳಗಿನಿಂದೊಂದು, ಹೊರಗಿನಿಂದೊಂದು ಅಡ್ಡಹಾಯ್ದರೆ ಎಲುಬು ತಿರುಚಿಕೊಳ್ಳದಂತೆ ಬಲವಾಗಿ ನಿಲ್ಲುವುದು. ಮೊಣಕೈಯ ಒಳಬದಿ ಮೇಜಿನಂಚಿಗೆ ತಗುಲಿದಾಗ ನಮಗೆ ಕಿರುಬೆರಳವರೆಗೂ ಜುಮ್ಮೆನ್ನುವುದಷ್ಟೆ? ಆ ನರವಿರುವುದು ಒಳಗಿನ ತಂತಿಯ ದಾರಿಯ ಪಕ್ಕದಲ್ಲಿಯೇ. ಕೈ ಮಡಿಸಿದಾಗ ಕೆಲವು ಮಕ್ಕಳಲ್ಲಿ ಅದು ಮುಂದಕ್ಕೆ ಜಾರಿ ತಂತಿಗೆ ಸಿಕ್ಕುವುದೂ ಉಂಟು. ಆದುದರಿಂದ ಇಂದು ಅನೇಕ ವೈದ್ಯರು ಹೊರಬದಿಯಿಂದಲೇ ಎರಡು ಮೂರು ತಂತಿಗಳನ್ನು, ಮುರಿತದ ಗೆರೆಯಲ್ಲಿ ಒಂದಕ್ಕೊಂದು ದೂರವಿರುವಂತೆ, ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿ ಹಾಕುವರು. ಮೊದಲು ಈ ದಾರಿಯನ್ನೇ ನೋಡುವುದು ಲೇಸೆಂದು ನಮಗೂ ತೋರುತ್ತದೆ. ಅದು ಸಾಲದೆಹೋದಾಗ ಮಾತ್ರ ಕೈಯನ್ನು ತುಸು ಚಾಚಿ, ಒಳಬದಿಯಲ್ಲಿ ಚಿಕ್ಕ ಗಾಯಮಾಡಿ, ನರವನ್ನು ಕಾಪಾಡಿಕೊಂಡು ತಂತಿ ಹಾಕಬಹುದು.

ತಂತಿಗಳ ತುದಿಯನ್ನು ಚರ್ಮದ ಹೊರಗೇ ಬಗ್ಗಿಸಿ ಬಿಟ್ಟಿರುವರು. 3-4 ವಾರಗಳ ಬಳಿಕ, ಸಾಮಾನ್ಯವಾಗಿ ಅರಿವಳಿಕೆಯೂ ಇಲ್ಲದೆ, ಅವನ್ನು ಎಳೆದು ತೆಗೆಯುವರು. ಅಳುವುದಕ್ಕೆ ಸಿದ್ಧನಾಗಿ ಬಂದ ಹುಡುಗನು ಬೆರಗಾಗುವುದೇ ಹೆಚ್ಚು. ಬಿಗಿದ ಕೀಲು ಆಟಪಾಟಗಳಲ್ಲಿ ತಾನೇ ಸಡಿಲವಾಗುವುದು. ಎಣ್ಣೆ ಹಚ್ಚಿ ನೀವಿ, ಬಲವಂತವಾಗಿ ಮಡಿಸುವುದು ಮಾತ್ರ ಕೂಡದು. ಅದರಿಂದ ಸ್ನಾಯುವಿನೊಳಗೇ ಎಲುಬು ಬೆಳೆದು ಮೊಣಕೈ ಸೆಟೆದುಹೋಗುವುದುಂಟು.