ಉಮ್ಮನ ಪಾಟು ಯಾವ ಕ್ಯಾಸೆಟ್‌ನಲ್ಲೂ ಇಲ್ಲ

ಬೈಲಕುಪ್ಪೆಯ ನಮ್ಮ ಹಳೆ ಮನೆಯಲ್ಲಿ ಅಡುಗೆ ಕೋಣೆಯ ಗೋಡೆಗೆ ಒಂದು ಗೂಡು ಇತ್ತು. ಅದರೊಳಗೆ ಒಂದು ಟ್ರಾನ್ಸಿಸ್ಟರ್. ಮಗ್ರಿಬ್ ನಮಾಝ್ ಮುಗಿದು ಉಪ್ಪ ಅಂಗಡಿಯಿಂದ ಬರುವ ತನಕ ಅದು ಉಮ್ಮನಿಗೆ ಮತ್ತು ಅಕ್ಕಂದಿರಿಗೆ ಸೇರಿದ್ದು. ಉಪ್ಪ ಬಂದರೆಂದರೆ ವಾರ್ತೆ, ಆಮೇಲೆ ಬಂದ್.

ಉಪ್ಪ ಬಂಟ್ವಾಳದ ಕಡೆಯವರು. ಒಣಮೀನಿನ ವ್ಯಾಪಾರಕ್ಕೆಂದು ಸಂಪಾಜೆ ಘಾಟಿ ಹತ್ತಿ, ಮಡಿಕೇರಿ, ಕುಶಾಲನಗರ ದಾಟಿ ಇಲ್ಲಿಗೆ ಬಂದು ನಿಂತವರು. ಹೊರಗೆ ಹೋದರೆ ಕನ್ನಡ, ಉರ್ದು, 1960ರ ದಶಕದ ಆರಂಭದಿಂದ ಇಲ್ಲಿ ನೆಲೆಸಿರುವ ಟಿಬೆಟಿಯನ್ನರ ಮಾತು. ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ಬ್ಯಾರಿ. ಆ ಬ್ಯಾರಿ ಭಾಷೆ ನಮ್ಮ ಬಾಯಲ್ಲಿ ಉಳಿದದ್ದು ಪುಸ್ತಕದಿಂದ ಅಲ್ಲ, ಉಮ್ಮನ ಪಾಟಿನಿಂದ.

ರಾತ್ರಿಯಾದರೆ ಮೀಡಿಯಂ ವೇವ್‌ನಲ್ಲಿ ಕೋಝಿಕ್ಕೋಡ್ ಆಕಾಶವಾಣಿ ಸಿಗುತ್ತಿತ್ತು. ಗರಗರ ಸದ್ದಿನ ನಡುವೆ ಮಾಪ್ಪಿಳ ಪಾಟು. ಉಮ್ಮನಿಗೆ ರಂಲಾ ಬೀಗಂ ಅಂದರೆ ಪ್ರಾಣ. ಆಲಪ್ಪುಝದಲ್ಲಿ 1946ರಲ್ಲಿ ಹುಟ್ಟಿದ ಅವರು, ಕಥಾಪ್ರಸಂಗದ ವೇದಿಕೆ ಹತ್ತಿದ ಮೊದಲ ಮುಸ್ಲಿಂ ಮಹಿಳೆ ಎಂದೇ ಹೆಸರಾದವರು. ಹೆಂಗಸು ವೇದಿಕೆಯಲ್ಲಿ ಹಾಡುವುದೇ ಎಂದು ಅಡ್ಡ ನಿಂತವರಿದ್ದರು, ಅವರು ನಿಲ್ಲಿಸಲಿಲ್ಲ. ಕೊಂಡೋಟ್ಟಿಯ ಮೋಯಿನ್‌ಕುಟ್ಟಿ ವೈದ್ಯರ್ 1872ರಲ್ಲಿ, ತಮ್ಮ ಇಪ್ಪತ್ತರ ಹರೆಯದಲ್ಲಿ ಬರೆದ ಬದರುಲ್ ಮುನೀರ್–ಹುಸ್ನುಲ್ ಜಮಾಲ್ ಕಥೆಯನ್ನು ರಂಲಾ ಬೀಗಂ ಹಾಡಿ ಹೇಳುತ್ತಿದ್ದರು. ಉಮ್ಮನಿಗೆ ಇಸವಿ ಗೊತ್ತಿರಲಿಲ್ಲ, ಕವಿಯ ಊರು ಗೊತ್ತಿರಲಿಲ್ಲ. ಹುಸ್ನುಲ್ ಜಮಾಲ್‌ಗೆ ಮುಂದೆ ಏನಾಯಿತು ಅನ್ನುವುದು ಮಾತ್ರ ಪಕ್ಕದ ಮನೆಯ ಹುಡುಗಿಯ ಸುದ್ದಿಯ ಹಾಗೆ ಗೊತ್ತಿತ್ತು.

ದೊಡ್ಡಕ್ಕನಿಗೆ ಎಸ್. ಜಾನಕಿ. ಸಿನಿಮಾ ಹಾಡು ಅಂದರೆ ಉಪ್ಪ ರೇಡಿಯೋ ಕಿವಿ ತಿರುಗಿಸಿಬಿಡುತ್ತಿದ್ದರು. ಆದರೆ 1977ರ ‘ಸನಾದಿ ಅಪ್ಪಣ್ಣ’ ಚಿತ್ರದ ಹಾಡು ಬಂದರೆ ಸುಮ್ಮನಿರುತ್ತಿದ್ದರು, ಏಕೆಂದರೆ ಅದರಲ್ಲಿ ಶಹನಾಯಿ ಊದಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಶಹನಾಯಿಯ ನೆಪದಲ್ಲಿ ಜಾನಕಿಯವರೂ ಮನೆಯೊಳಗೆ ಬಂದರು ಎಂದು ಅಕ್ಕ ಈಗಲೂ ನಗುತ್ತಾರೆ.

ನಮ್ಮ ಪಾಲಿಗೆ ಬಂದವರು ವಾಣಿ ಜಯರಾಂ. ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಪಿರಿಯಾಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಬ್ಯಾರನ್‌ಗೆ ರಾತ್ರಿಯೆಲ್ಲ ಬೆಂಕಿ ಕಾಯಬೇಕು. ನಿದ್ದೆ ಬಾರದಿರಲೆಂದು ಅಲ್ಲೊಂದು ರೇಡಿಯೋ. ಗೆಳೆಯರ ಬ್ಯಾರನ್ ಪಕ್ಕದಲ್ಲಿ ಕೂತು ಪಿಯುಸಿ ಪುಸ್ತಕ ಓದುವಾಗ ಕೇಳಿದ ಆ ದನಿ ಇವತ್ತು ಎಲ್ಲೇ ಕೇಳಿದರೂ ನಮಗೆ ಹೊಗೆಸೊಪ್ಪಿನ ಘಾಟು ಮೂಗಿಗೆ ಬರುತ್ತದೆ.

ಇಷ್ಟೆಲ್ಲ ಗಾಯಕಿಯರ ಹೆಸರು ಹೇಳಿದ ಮೇಲೆ ಒಂದು ಹೆಸರು ಬಿಟ್ಟುಹೋಗಿದೆ. ಅದು ನಮ್ಮ ಉಮ್ಮನದ್ದು.

ಉಮ್ಮ ಹಾಡುತ್ತಿದ್ದರು. ಮಗುವನ್ನು ಕಾಲ ಮೇಲೆ ಮಲಗಿಸಿ ತಾಲಾಟು. ಮೈಲಾಂಜಿ ರಾತ್ರಿ ಮದುಮಗಳ ಸುತ್ತ ಕೂತು ಕೈ ತಟ್ಟಿ ಒಪ್ಪನೆ ಪಾಟು. ಯಾರಿಗಾದರೂ ಹೆರಿಗೆ ನೋವು ಅಂದರೆ ನಫೀಸತ್ ಮಾಲೆ. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ಬರೆದ ಮುಹ್ಯಿದ್ದೀನ್ ಮಾಲೆಯಂತೂ ಬಾಯಿಪಾಠ. ಶಾಲೆಯ ಮೆಟ್ಟಿಲು ಹತ್ತದ ಉಮ್ಮ ಈ ಸಬೀನ ಪಾಟುಗಳಿಗಾಗಿಯೇ ಅರಬಿ–ಮಲಯಾಳಂ ಲಿಪಿ ಓದಲು ಕಲಿತವರು. ನಮ್ಮ ಎಷ್ಟೋ ಅಜ್ಜಿಯರು ಹೀಗೇ ಅಕ್ಷರಸ್ಥರಾದವರು. ಸರಕಾರದ ಲೆಕ್ಕದಲ್ಲಿ ಅವರೆಲ್ಲ ಹೆಬ್ಬೆಟ್ಟು.

ಮಾಮ ಸೌದಿಯಿಂದ ಬರುವಾಗ ಟೇಪ್ ರೆಕಾರ್ಡರ್ ತಂದರು. ಅದರಲ್ಲಿ ಕೆಂಪು ಗುಂಡಿ, ಒತ್ತಿದರೆ ರೆಕಾರ್ಡ್ ಆಗುತ್ತದೆ. ನಾವು ಮಕ್ಕಳು ಅದರಲ್ಲಿ ಏನೆಲ್ಲ ರೆಕಾರ್ಡ್ ಮಾಡಿದೆವು! ಕೋಳಿ ಕೂಗಿದ್ದು, ತಮ್ಮ ಅತ್ತದ್ದು, ರೇಡಿಯೋದ ಮುಂದೆ ಇಟ್ಟು ಸಿನಿಮಾ ಹಾಡು. ಉಮ್ಮನ ಪಾಟು ಒಂದೂ ಇಲ್ಲ. ಅದು ದಿನಾ ಇರುವುದು, ಎಲ್ಲಿ ಹೋಗುತ್ತದೆ ಅಂತ ನಮ್ಮ ಲೆಕ್ಕ.

ಕಿರಿಯ ತಂಗಿಯ ಮಂಙಿಲಕ್ಕೆ ನಾವೇ ಮುಂದೆ ನಿಂತು ಹಾಡಿನ ತಂಡ ಕರೆಸಿದೆವು. ಮೈಕ್, ಕೀಬೋರ್ಡ್, ದೊಡ್ಡ ಸ್ಪೀಕರ್. ಉಮ್ಮ ಮೈಲಾಂಜಿ ತಟ್ಟೆ ಹಿಡಿದು ತಂಗಿಯ ಪಕ್ಕ ಕೂತು ಗಂಟಲು ಸರಿ ಮಾಡಿಕೊಂಡರು. “ಉಮ್ಮಾ, ಇವತ್ತು ನಿಮಗೆ ಕಷ್ಟ ಬೇಡ, ಅವರು ಹಾಡ್ತಾರೆ” ಅಂದವರು ನಾವೇ. ಉಮ್ಮ ತಟ್ಟೆ ಕೆಳಗಿಟ್ಟರು. ಆಮೇಲೆ ಯಾವ ಮನೆಯ ಮೈಲಾಂಜಿಯಲ್ಲೂ ಅವರು ಹಾಡಲಿಲ್ಲ. ಯಾರೂ ಕೇಳಲೂ ಇಲ್ಲ.

2017ರ ಅಕ್ಟೋಬರ್ 28ರಂದು ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಎಸ್. ಜಾನಕಿ ತಮ್ಮ ಕೊನೆಯ ಕಛೇರಿ ನಡೆಸಿದರು. ಇನ್ನು ವೇದಿಕೆಯಲ್ಲಿ ಹಾಡುವುದಿಲ್ಲ ಎಂದು ಹೇಳಿಯೇ ಹಾಡಿದರು. ಅಕ್ಕ ಪೇಪರಿನಲ್ಲಿ ಓದಿ ಹೇಳಿದಾಗ ಉಮ್ಮ ಕೇಳಿದ್ದು ಒಂದೇ ಮಾತು: “ಅವರನ್ನು ಎಲ್ಲರೂ ಕೂತು ಕೇಳಿದ್ರಾ?” ಆ ದಿನ ನಮಗೆ ತಂಗಿಯ ಮೈಲಾಂಜಿ ನೆನಪಾಯಿತು. ಜಾನಕಿಯವರು ಹಾಡು ನಿಲ್ಲಿಸಿದಾಗ ಊರಿಗೆ ಊರೇ ಸೇರಿತ್ತು. ಉಮ್ಮ ನಿಲ್ಲಿಸಿದಾಗ ಮನೆಯೊಳಗಿದ್ದ ನಮಗೇ ಗೊತ್ತಾಗಿರಲಿಲ್ಲ.

2023 ಕೆಟ್ಟ ವರ್ಷ. ಫೆಬ್ರವರಿಯಲ್ಲಿ ವಾಣಿ ಜಯರಾಂ ಹೋದರು. ಆಗಸ್ಟ್‌ನಲ್ಲಿ ವಿಳಯಿಲ್ ಫಸೀಲಾ, ಸೆಪ್ಟೆಂಬರ್‌ನಲ್ಲಿ ರಂಲಾ ಬೀಗಂ. ಎರಡೇ ತಿಂಗಳಲ್ಲಿ ಮಾಪ್ಪಿಳ ಪಾಟಿನ ಎರಡು ದೊಡ್ಡ ದನಿಗಳು. ಉಮ್ಮ “ಇನ್ನಾಲಿಲ್ಲಾಹಿ” ಹೇಳಿ, ತುಂಬಾ ಹೊತ್ತು ಸುಮ್ಮನೆ ಕೂತರು. ಅವರ ಹಾಡುಗಳೆಲ್ಲ ಮೊಬೈಲ್‌ನಲ್ಲಿ ಸಿಗುತ್ತವೆ ಎಂದು ಸಮಾಧಾನ ಹೇಳಲು ಹೋದೆವು. ಹೇಳುತ್ತಲೇ ನಮ್ಮ ನಾಲಗೆ ತಡವರಿಸಿತು.

ಆ ವಾರವೇ ಉಮ್ಮನ ಮುಂದೆ ಮೊಬೈಲ್ ಇಟ್ಟು ಕೂತೆವು. ಹಾಡು ಬರಲಿಲ್ಲ. “ಇದಕ್ಕೆ ಹೇಗೆ ಹಾಡೋದು? ಮಡಿಲಲ್ಲಿ ಮಗು ಇಲ್ಲ, ಎದುರು ಮದುಮಗಳು ಇಲ್ಲ” ಅಂದರು. ನಿಜ. ತಂಗಿಯ ಮೊಮ್ಮಗುವೇನೂ ಇರಲಿಲ್ಲ, ಪಕ್ಕದ ಮನೆಯ ಆರು ತಿಂಗಳ ಕೂಸನ್ನು ತಂದು ಮಡಿಲಿಗೆ ಹಾಕಿದೆವು. ಕಾಲು ಆಡತೊಡಗಿತು, ಹಿಂದೆಯೇ ತಾಲಾಟು ಬಂತು. ಮಧ್ಯೆ ಸಾಲು ಮರೆತಾಗ “ಹೂಂ ಹೂಂ” ಅಂತ ರಾಗದಲ್ಲೇ ತುಂಬಿಸಿದರು. ಇಲ್ಲಿಯ ತನಕ ಹನ್ನೊಂದು ಪಾಟು ಸಿಕ್ಕಿವೆ. ಕನ್ನಡ ಲಿಪಿಯಲ್ಲಿ ಬರೆದಿಟ್ಟಿದ್ದೇವೆ. ಮರೆತ ಜಾಗದಲ್ಲಿ ಖಾಲಿ ಬಿಟ್ಟಿದ್ದೇವೆ. ಒಂದು ಒಪ್ಪನೆ ಪಾಟಿನಲ್ಲಿ ಇರುವುದಕ್ಕಿಂತ ಖಾಲಿಯೇ ಜಾಸ್ತಿ.

ನಾವು ಮದ್ರಸದಲ್ಲಿ ಕಲಿಸುವವರು. “ಉಸ್ತಾದರೇ, ಹೆಣ್ಣುಮಕ್ಕಳ ಹಾಡಿನ ಬಗ್ಗೆ ನೀವೇ ಬರೆಯುವುದಾ?” ಎಂದು ಕೇಳುವವರು ಇರುತ್ತಾರೆ. ಈದ್ ದಿನ ಆಯಿಷಾ ಬೀವಿಯವರ ಮನೆಯಲ್ಲಿ ಇಬ್ಬರು ಬಾಲಕಿಯರು ಹಾಡುತ್ತಿದ್ದಾಗ ಅಬೂಬಕರ್ ಸಿದ್ದೀಕರು ಗದರಿದ್ದು, ಅವರನ್ನು ಬಿಡಿ, ಇದು ಈದ್ ಅಲ್ಲವೇ ಎಂಬಂತೆ ಪ್ರವಾದಿಯವರು ತಡೆದದ್ದು ಬುಖಾರಿಯಲ್ಲಿ ಇದೆ. ಹಾಡಿನ ವಿಷಯದಲ್ಲಿ ಉಲಮಾಗಳ ಚರ್ಚೆ ದೊಡ್ಡದು, ಅದಕ್ಕೆ ಈ ಪುಟ ಸಾಲದು. ಆದರೆ ಉಮ್ಮ ಮನೆಯೊಳಗೆ, ಹೆಂಗಸರ ನಡುವೆ, ಒಳ್ಳೆಯ ಮಾತನ್ನೇ ಹಾಡಿದವರು. ಅವರನ್ನು ಸುಮ್ಮನಾಗಿಸಿದ್ದು ಯಾವ ಫತ್ವಾವೂ ಅಲ್ಲ. ನಾವು ಬಾಡಿಗೆಗೆ ತಂದ ಸ್ಪೀಕರ್.

ಜಾನಕಿ, ವಾಣಿ, ರಂಲಾ ಬೀಗಂ – ಇವರ ದನಿಯನ್ನು ಕಾಪಾಡಲು ಕಂಪನಿಗಳಿವೆ, ಆಕಾಶವಾಣಿ ಇದೆ. ನಮ್ಮ ಉಮ್ಮಂದಿರ ಪಾಟಿಗೆ ನಾವು ಬಿಟ್ಟರೆ ಯಾರಿದ್ದಾರೆ? ಇಂದು ಅಸರ್ ಆದ ಮೇಲೆ ನಿಮ್ಮ ಮನೆಯ ಹಿರಿಯರ ಹತ್ತಿರ ಹೋಗಿ ಕೂತು ನೋಡಿ. ಮೊಬೈಲ್ ಪಕ್ಕಕ್ಕಿಡಿ, ಮೊದಲು ಮಡಿಲಿಗೊಂದು ಮಗು ಕೊಡಿ. ನಮ್ಮ ನೋಟ್‌ಬುಕ್ಕಿನಲ್ಲಿ ಖಾಲಿ ಬಿಟ್ಟ ಸಾಲು ನಿಮ್ಮ ಉಮ್ಮನ ಬಾಯಲ್ಲಿ ಇರಬಹುದು.