ಫೀಲ್ಡ್‌ವರ್ಕ್: ಊರೇ ತರಗತಿಯಾಗುವ ಎರಡು ದಿನ

ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಓದುವವರು ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಕಾಲೇಜಿನ ಹೊರಗೇ ಇರುತ್ತಾರೆ. ಸ್ವಯಂಸೇವಾ ಸಂಸ್ಥೆ, ಆಸ್ಪತ್ರೆ, ಬಾಲಮಂದಿರ, ಕೌಟುಂಬಿಕ ಸಲಹಾ ಕೇಂದ್ರ ಇವೇ ಅವರ ತರಗತಿಗಳು. ಪಠ್ಯಕ್ರಮದಲ್ಲಿ ಇದು ಕ್ಷೇತ್ರಕಾರ್ಯ, ವಿದ್ಯಾರ್ಥಿಗಳ ಬಾಯಲ್ಲಿ ಫೀಲ್ಡ್‌ವರ್ಕ್. ಭಾರತದಲ್ಲಿ ಇದರ ಬೇರು ಮುಂಬೈನ ನಾಗಪಾಡಾದಲ್ಲಿದೆ. ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್ಶಾರ್ಟ್ 1926ರಲ್ಲಿ ಅಲ್ಲಿನ ಬಡವರ ನಡುವೆ ನೇಬರ್‌ಹುಡ್ ಹೌಸ್ ಎಂಬ ಸಮುದಾಯ ಕೇಂದ್ರ ತೆರೆದರು. ಇಂದು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎನಿಸಿರುವ ಶಾಲೆ ಅವರ ನೇತೃತ್ವದಲ್ಲೇ ಆರಂಭವಾದದ್ದು 1936ರಲ್ಲಿ. ಮೊದಲು ಕೇರಿ, ಆಮೇಲೆ ಶಾಲೆ. ಕರ್ನಾಟಕದಲ್ಲಿ, ಮಂಗಳೂರಿನ ಸಮಾಜಕಾರ್ಯ ಶಾಲೆ ರೋಶನಿ ನಿಲಯ 1960ರಲ್ಲಿ ಶುರುವಾಯಿತು. ಈಗ ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಸಮಾಜಕಾರ್ಯ ವಿಭಾಗಗಳಿವೆ.

ಈ ಪದ್ಧತಿಯ ಸತ್ವ ಇರುವುದು ಸಂಸ್ಥೆಯಲ್ಲಿ ಕಳೆದ ಗಂಟೆಗಳಲ್ಲಲ್ಲ, ಆಮೇಲೆ ಬರೆಯುವ ವರದಿಯಲ್ಲಿ ಎಂಬುದು ನನ್ನ ವಾದ. ಉದಾಹರಣೆಗೆ, ಶಾಲೆ ಬಿಟ್ಟ ಹುಡುಗಿಯೊಬ್ಬಳ ಬಗ್ಗೆ ವಿದ್ಯಾರ್ಥಿ ‘ಪೋಷಕರಿಗೆ ಆಸಕ್ತಿ ಇಲ್ಲ’ ಎಂದು ಬರೆದನೆನ್ನಿ. ಒಳ್ಳೆಯ ಮೇಲ್ವಿಚಾರಕಿ ಆ ಸಾಲಿನ ಕೆಳಗೆ ಗೆರೆ ಎಳೆದು, ‘ಇದನ್ನು ಹೇಳಿದ್ದು ಯಾರು? ಮನೆಗೆ ಎಷ್ಟು ಹೊತ್ತಿಗೆ ಹೋಗಿದ್ದೆ?’ ಎಂದು ಕೇಳುತ್ತಾರೆ. ಮುಂದಿನ ವಾರ ಸಂಜೆ ಹೋದರೆ ತಾಯಿ ಗಾರ್ಮೆಂಟ್ಸ್‌ನಿಂದ ಆಗಷ್ಟೇ ಬಂದಿರುತ್ತಾಳೆ. ಹುಡುಗಿ ಹಗಲೆಲ್ಲ ತಮ್ಮನನ್ನು ನೋಡಿಕೊಳ್ಳುವುದು ತಿಳಿಯುತ್ತದೆ. ಆಗ ಸಿಗುವ ಪರಿಹಾರ ಬುದ್ಧಿಮಾತಲ್ಲ, ಹತ್ತಿರದಲ್ಲೊಂದು ಕೂಸಿನ ಮನೆ (ಶಿಶುಪಾಲನಾ ಕೇಂದ್ರ) ಇದೆಯೇ ಎಂಬ ಹುಡುಕಾಟ. ಅದೇ ಮನೆಗೆ ಮತ್ತೆ ಹೋಗುವ ಅವಕಾಶ, ತನ್ನ ತೀರ್ಮಾನವನ್ನು ಪ್ರಶ್ನಿಸುವ ಒಬ್ಬ ಓದುಗ: ಇವೆರಡೂ ಇಲ್ಲದ ಇಂಟರ್ನ್‌ಶಿಪ್‌ನಲ್ಲಿ ಪ್ರಮಾಣಪತ್ರ ಸಿಕ್ಕೀತು, ಅನುಭವ ಸಿಗದು.

ವಿದ್ಯಾರ್ಥಿಗಳು ಸಂಸ್ಥೆಗೆ ಹೊರೆಯಾಗುತ್ತಾರೆ, ಬಡವರ ಮನೆ ಅವರ ಪ್ರಯೋಗಶಾಲೆಯಾಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಒಂದು ಸೆಮಿಸ್ಟರ್‌ನಲ್ಲಿ ನಂಬಿಕೆ ಗಳಿಸಿ, ಪರೀಕ್ಷೆ ಬಂದ ಕೂಡಲೇ ಕಾಣೆಯಾಗುವವರಿಂದ ಮಕ್ಕಳಿಗೆ ನೋವಾಗುತ್ತದೆ. ಅದಕ್ಕೇ ಪ್ರಕರಣ ಸಂಸ್ಥೆಯ ಕಾರ್ಯಕರ್ತರದ್ದಾಗಿರಬೇಕು, ವಿದ್ಯಾರ್ಥಿ ಅದರಲ್ಲಿ ಜೊತೆಗಾರ ಮಾತ್ರ. ಹೊರಡುವ ದಿನವನ್ನು ಮೊದಲೇ ಹೇಳಿರಬೇಕು. ಇಂಥ ಶಿಸ್ತಿದ್ದರೆ ಕಾಲೇಜಿಗೂ ಕೇರಿಗೂ ನಡುವಿನ ನಂಟು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 1098 ಸಾಕ್ಷಿ. ಮಕ್ಕಳ ಆ ಸಹಾಯವಾಣಿ 1996ರಲ್ಲಿ ಮುಂಬೈನಲ್ಲಿ ಹುಟ್ಟಿದ್ದು ಟಾಟಾ ಸಂಸ್ಥೆಯ ಕ್ಷೇತ್ರ ಯೋಜನೆಯಾಗಿ. ಅಲ್ಲಿ ಪಾಠ ಹೇಳುತ್ತಿದ್ದ ಜೆರೂ ಬಿಲಿಮೋರಿಯಾ ಬೀದಿಮಕ್ಕಳ ಒಡನಾಟದಿಂದಲೇ ಅದನ್ನು ಕಟ್ಟಿದರು.

ಸಂಬಳವಿಲ್ಲದ ಈ ದುಡಿಮೆ ಉಳ್ಳವರಿಗೆ ಮಾತ್ರ ಸಾಧ್ಯವೆಂಬ ಮಾತು ಇನ್ನೂ ಗಂಭೀರವಾದದ್ದು, ಅದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಸಂಜೆ ಕೆಲಸ ಮಾಡಿ ಓದುವ ಹುಡುಗನಿಗೆ ವಾರದ ಎರಡು ದಿನ ದುಬಾರಿ. 2023ರ ಜೂನ್‌ನಿಂದ, ಮಹಿಳೆಯರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯಿಂದಾಗಿ, ವಿದ್ಯಾರ್ಥಿನಿಯರಿಗೆ ಸರ್ಕಾರಿ ಬಸ್ಸಿನ ಖರ್ಚು ಉಳಿದಿದೆ. ಹುಡುಗರಿಗೆ ಅದೂ ಇಲ್ಲ. ಸಣ್ಣ ಸಂಸ್ಥೆಗಳು ತಮ್ಮ ಕಾರ್ಯಕರ್ತರಿಗೇ ಸಂಬಳ ಹೊಂದಿಸಲು ಒದ್ದಾಡುತ್ತಿರುತ್ತವೆ, ಅವುಗಳಿಂದ ಭತ್ಯೆ ಕೇಳುವುದು ನ್ಯಾಯವಲ್ಲ. ಕ್ಷೇತ್ರಕಾರ್ಯಕ್ಕೆ ಅಂಕ ಕೊಡುವ ವಿಶ್ವವಿದ್ಯಾಲಯವೇ ಪ್ರಯಾಣ, ಊಟದ ವೆಚ್ಚವನ್ನು ಪ್ರಯೋಗಾಲಯದ ವೆಚ್ಚದಂತೆ ತನ್ನ ಬಜೆಟ್‌ನಲ್ಲಿ ಸೇರಿಸಬೇಕು.